ಚಪ್ಪರಕ್ಕೊಂದು ‘ಆಗಲ್ಲ’

ಯೋಗಾನಂದನ ಮನೆಯಲ್ಲಿ ಸಕ್ಕರೆ ಯಾವತ್ತೂ ಖಾಲಿ ಆದದ್ದೇ ಇಲ್ಲ. ಡಬ್ಬದ ತಳ ಕೆರೆದು ಕೆರೆದು ಚಮಚ ಸವೆದರೂ ಅವನ ಅಜ್ಜಿ ಚಿಕ್ಕಲಕ್ಷ್ಮಮ್ಮನ ಬಾಯಲ್ಲಿ ಬರೋದು ಒಂದೇ ಮಾತು: “ಮಗಾ, ಸಕ್ಕರೆ ತುಂಬೈತೆ, ಅಂಗ್ಡಿಗೋಗಿ ತಗೊಂಬಾ.” ಅಕ್ಕಿ ಮುಗಿದರೆ ಅಕ್ಕಿ ತುಂಬೈತೆ. ಗ್ಯಾಸ್ ಮುಗಿದರೆ ಗ್ಯಾಸ್ ತುಂಬೈತೆ. ನಾನು ಮೊದಲ ಸಲ ಅವರ ಮನೆಗೆ ಹೋದ ದಿನ ಕಾಫಿಪುಡಿ ತುಂಬಿತ್ತು, ಅದಕ್ಕೇ ಟೀ ಕುಡಿದು ಬಂದೆ. ಮನೆಯೊಳಗೆ ‘ಇಲ್ಲ’ ಅನ್ನಬಾರದು, ಲಕ್ಷ್ಮಿ ಮುನಿಸ್ಕೋತಾಳೆ ಅನ್ನೋದು ಅಜ್ಜಿಯ ನಂಬಿಕೆ. ನಾಯಂಡಹಳ್ಳಿಯಲ್ಲಿ ಅವರು ರಾಗಿ ಬೆಳೀತಿದ್ದ ಕಾಲದಿಂದ ನಡೆದುಬಂದದ್ದು. ಹೊಲ ಹೋಗಿ ಗೋಡೌನ್ ಬಂತು, ಗೋಡೌನ್ ಪಕ್ಕ ಮೂರಂತಸ್ತಿನ ಮನೆ ಬಂತು, ಮನೆಯ ತಲೆ ಮಟ್ಟಕ್ಕೆ ಮೆಟ್ರೋ ಬಂತು. ‘ಇಲ್ಲ’ ಮಾತ್ರ ಬರಲಿಲ್ಲ.

ಇಂಥ ಅಜ್ಜಿಯ ಕೈಯಲ್ಲಿ ಬೆಳೆದ ಮೊಮ್ಮಗ ಒಂದು ವೆಬ್ ಫ್ರೇಮ್‌ವರ್ಕ್ ಕಟ್ಟಿದರೆ ಏನಾಗುತ್ತೆ? ನಮಗೆ ಆದದ್ದೇ ಆಗುತ್ತೆ.

ಫ್ರೇಮ್‌ವರ್ಕ್ ಅಂದರೆ ಗಾಬರಿ ಬೀಳೋ ಅಂಥದ್ದೇನಲ್ಲ. ವೆಬ್‌ಸೈಟ್ ಮಾಡೋರು ಪ್ರತಿ ಸಲವೂ ಗುಂಡಿ ತೋಡೋದರಿಂದ ಶುರು ಮಾಡಬಾರದಲ್ಲ, ಅದಕ್ಕೆ ಮೊದಲೇ ನೆಟ್ಟಿಟ್ಟ ಕಂಬಗಳು. ಮೇಲೆ ಗರಿ ಹಾಸ್ಕೊಳ್ಳಿ, ಸೀರಿಯಲ್ ಸೆಟ್ ಕಟ್ಕೊಳ್ಳಿ, ನಿಮ್ಮಿಷ್ಟ. ಯೋಗಿ ಅದಕ್ಕೆ ‘ಚಪ್ಪರ’ ಅಂತ ಹೆಸರಿಟ್ಟಿದ್ದ. ಅವನ ತಂಗಿ ಕುಸುಮಾಳ ಮದುವೆಯ ಚಪ್ಪರದ ಕೆಳಗೆ, ಬಾಡಿಗೆ ಕುರ್ಚಿಯಲ್ಲಿ ಕೂತು, ಬೀಗರು ಕಾಫಿ ಕೇಳಿದಾಗೆಲ್ಲ ಎದ್ದು ಹೋಗಿ ಬಂದು, ಮೊದಲ ಆವೃತ್ತಿಯನ್ನು ಬಿಡುಗಡೆ ಮಾಡಿದ್ದ. ಅದು ಓಪನ್ ಸೋರ್ಸ್. ಅಂದರೆ ಯಾರು ಬೇಕಾದರೂ ಪುಕ್ಕಟೆ ಬಳಸಬಹುದು, ಯಾರು ಬೇಕಾದರೂ ಬಂದು ರಿಪೇರಿ ಮಾಡಬಹುದು, ಯಾರು ಬೇಕಾದರೂ ಬಂದು ‘ಇದ್ಯಾಕೆ ಹಿಂಗಿದೆ’ ಅಂತ ಕೇಳಬಹುದು. ಕೇಳೋರೇ ಜಾಸ್ತಿ.

ಯೋಗಿ, ರಂಜಿನಿ, ನಾನು ಜ್ಞಾನಭಾರತಿಯ ಕಾಲೇಜಿನಲ್ಲಿ ಒಂದೇ ತರಗತಿಯವರು. ಕಲ್ಪನೆ ಯೋಗಿಯದು. ಕೆಂಗೇರಿ ಉಪನಗರದ ರಂಜಿನಿ ಕೂತು ಕೋಡ್ ಬರೆದಳು. ಸಂಪತ್ ಅನ್ನೋ ಹೆಸರಿನ ನಾನು ಬಳಕೆಯ ಕೈಪಿಡಿ ಬರೆದೆ. ಫ್ರೇಮ್ ಅವನದು, ವರ್ಕ್ ಅವಳದು, ನಡುವೆ ಕಣ್ಣಿಗೆ ಕಾಣದ ಹೈಫನ್ನು ನಾನು. ಮೂವರಿಗೂ ಹೊಟ್ಟೆಪಾಡಿಗೆ ಬೇರೆ ಬೇರೆ ನೌಕರಿ ಇತ್ತು. ಚಪ್ಪರ ಭಾನುವಾರದ ಕೆಲಸ, ಯೋಗಿಯ ಮನೆ ಮೇಲಿನ ಶೀಟ್ ರೂಮಿನಲ್ಲಿ.

ಇದರಲ್ಲಿ ತೊಂದರೆ ಏನಪ್ಪಾ ಅಂದರೆ, ಯಾರೇ ಬಂದು ಏನೇ ಕೇಳಲಿ, ಯೋಗಿ ಕೊಡುತ್ತಿದ್ದ ಉತ್ತರ ಒಂದೇ.

“ಖಂಡಿತ. ಮೂರರಲ್ಲಿ ನೋಡೋಣ.”

ಮೂರು ಅಂದರೆ ಮೂರನೇ ಆವೃತ್ತಿ. ನಾವಿದ್ದದ್ದು ಎರಡರಲ್ಲಿ. ಯೋಗಿಯ ಮನಸ್ಸಿನಲ್ಲಿ ಮೂರು ಅನ್ನೋದು ಒಂದು ಅಟ್ಟ. ಮುರಿದ ತೊಟ್ಟಿಲು, ಹಳೇ ಹಂಡೆ, ಯಾರೋ ಕೊಟ್ಟ ಗಡಿಯಾರ, ಬಿಸಾಕೋಕೆ ಮನಸ್ಸು ಬಾರದ್ದನ್ನೆಲ್ಲ ಮೇಲೆ ತಳ್ಳಿ ಕೆಳಗೆ ನಿಂತು ಕೈ ಝಾಡಿಸಿಕೊಳ್ಳೋ ಜಾಗ. ಫಿನ್‌ಲ್ಯಾಂಡಿನವನು ಬಂದು ಬಲದಿಂದ ಎಡಕ್ಕೆ ಬರೆಯೋ ಲಿಪಿ ಬೇಕು ಅಂದ. ಮೂರರಲ್ಲಿ. ಬಸವೇಶ್ವರನಗರದವನೊಬ್ಬ ಪಂಚಾಂಗ ಬೇಕು ಅಂದ. ಮೂರರಲ್ಲಿ. ನಮಗೆ ಪಾಠ ಮಾಡಿದ ಹನುಮಂತಯ್ಯ ಮೇಷ್ಟ್ರು ಪ್ರತಿ ಪುಟವೂ ಪ್ರಿಂಟ್ ತೆಗೆದರೆ ಅಳತೆಯಾಗಿ ಕಾಗದದ ಮೇಲೆ ಕೂರಬೇಕು ಅಂದರು. ಮೂರರಲ್ಲಿ, ಸಾರ್. ಹಿಂಗೆ ನಾಲ್ಕು ವರ್ಷ. ರಂಜಿನಿ ಬರೆದ ಕೋಡನ್ನು ಚಪ್ಪರಕ್ಕೆ ಸೇರಿಸಿ ಕಮಿಟ್ ಮಾಡುತ್ತಿದ್ದಳು, ಯೋಗಿ ಬರೀ ಮಾತು ಕೊಟ್ಟು ಕಮಿಟ್ ಆಗುತ್ತಿದ್ದ.

ನಾನೂ ಒಂದು ತಳ್ಳಿದ್ದೆ ಅಟ್ಟಕ್ಕೆ. ನನ್ನದು ಬೇರೆಯವರ ಥರ ಕ್ಷುಲ್ಲಕ ಅಲ್ಲ. ವೆಬ್‌ಸೈಟಿನಲ್ಲಿ ಏನಾದರೂ ಕೆಟ್ಟಾಗ ತೆರೆಯ ಮೇಲೆ ಸಪ್ಪೆ ಸಂದೇಶ ಬರುತ್ತಲ್ಲ, ಅದರ ಬದಲು ನಮ್ಮ ಊರಿನ ದನಿಗಳು ಬರಬೇಕು. ಹುಡುಕಿದ ಪುಟ ಸಿಗದಿದ್ದರೆ ಬಸ್ ಕಂಡಕ್ಟರು: “ಇಲ್ಲಿ ಸ್ಟಾಪಿಲ್ಲ, ಮುಂದೆ ಹೋಗ್ರೀ ಮುಂದೆ!” ಜನ ಜಾಸ್ತಿಯಾಗಿ ಸರ್ವರ್ ಉಸಿರು ಕಟ್ಟಿದರೆ: “ರೈಟ್ ರೈಟ್! ಹಿಂದೆ ಖಾಲಿ ಗಾಡಿ ಬರ್ತೈತೆ!” ಪಾಸ್‌ವರ್ಡ್ ತಪ್ಪಿದರೆ ವಿಜಯನಗರದ ಮನೆ ಮಾಲೀಕರು, ಗೇಟಿನ ಒಳಗಿಂದ: “ಯಾರ್ ಬೇಕಿತ್ತು?” ಅರ್ಜಿ ಅರ್ಧ ತುಂಬಿದ್ದರೆ ಕಚೇರಿ ಗುಮಾಸ್ತರು: “ಜೆರಾಕ್ಸ್ ಎಲ್ಲಿ?” ಬರೆದದ್ದಷ್ಟೇ ಅಲ್ಲ, ಎಲ್ಲ ದನಿಯಲ್ಲೂ ನಾನೇ ಮಾತಾಡಿ ರೆಕಾರ್ಡ್ ಮಾಡಿದ್ದೆ. ಧ್ವನಿಪೆಟ್ಟಿಗೆ ಅಂತ ಹೆಸರು. ಯೋಗಿ ಕೇಳಿ, ನಕ್ಕು ನಕ್ಕು ಕೆಮ್ಮು ಬಂದು, “ಮಗಾ, ಮೂರರಲ್ಲಿ ಇದು ಇದ್ದೇ ಇರುತ್ತೆ” ಅಂದಿದ್ದ. ನನಗೆ ಹೇಳಿದ್ದು ಮಾತ್ರ ನಿಜ ಅಂತ ನಾನು ನಂಬಿದ್ದೆ. ಪ್ರತಿಯೊಬ್ಬನೂ ಹಾಗೇ ನಂಬಿದ್ದ ಅನ್ನೋದು ಆಮೇಲೆ ಗೊತ್ತಾಯಿತು.

ಒಂದು ದಿನ ಅಟ್ಟ ಕೆಳಗಿಳಿಯೋ ಹೊತ್ತು ಬಂತು. ಚಪ್ಪರ ಯಾವ ಕಂಪ್ಯೂಟರ್ ಭಾಷೆಯಲ್ಲಿ ಬರೆದದ್ದೋ, ಆ ಭಾಷೆಯ ಹಳೇ ಆವೃತ್ತಿಗೆ ವರ್ಷದ ಕೊನೆಗೆ ರಿಪೇರಿ ನಿಲ್ಲಿಸುತ್ತೀವಿ ಅಂತ ಅದನ್ನು ನೋಡಿಕೊಳ್ಳೋರು ಸಾರಿದರು. ನೆಲವೇ ಹೋದರೆ ಕಂಬ ಎಲ್ಲಿ ನಿಂತೀತು? ಎರಡು ಮುಗಿಯಬೇಕು, ಮೂರು ಬರಲೇಬೇಕು. ಮೂರರಲ್ಲಿ ಏನಿರಬೇಕು, ಮುಂದೆ ಚಪ್ಪರ ಯಾವ ಕಡೆ ಬೆಳೀಬೇಕು ಅಂತ ತೀರ್ಮಾನ ಮಾಡೋಕೆ ಭಾನುವಾರ ಶೀಟ್ ರೂಮಿನಲ್ಲಿ ಸೇರಿದೆವು. ರಂಜಿನಿ ಲ್ಯಾಪ್‌ಟಾಪ್ ತೆಗೆಯಲೇ ಇಲ್ಲ.

“ಯೋಗಿ, ಮೂರರ ಪಟ್ಟಿ ಎಷ್ಟುದ್ದ ಇದೆ ಗೊತ್ತೇನೋ?”

“ಅದೇನಪ್ಪಾ ಅಂದ್ರೆ...” ಯೋಗಿ ಯಾವ ಕಷ್ಟದ ಮಾತಿಗೂ ಹಿಂಗೇ ಶುರು ಮಾಡೋದು. ಮೊದಲು ಗಂಟಲು ಕೆರೆದುಕೊಳ್ತಾನೆ, ಆಮೇಲೆ ಅದೇನಪ್ಪಾ ಅಂದ್ರೆ.

“ನಾನು ಅಪ್ಪ ಅಲ್ಲ. ಎಷ್ಟಿದೆ ಹೇಳು.”

“ಮುನ್ನೂರು ಚಿಲ್ಲರೆ.”

“ನಮ್ಮ ಕೈಲಾಗೋದು?”

“ಒಂದಿಪ್ಪತ್ತು... ಮೈ ಮುರಿದು ಮಾಡಿದ್ರೆ ಮೂವತ್ತು.”

“ಉಳಿದೋರಿಗೆ ಯಾರು ಹೇಳ್ತಾರೆ?”

ಯೋಗಿ ಅವಳ ಮುಖ ನೋಡಿದ. ನಾನೂ ನೋಡಿದೆ. ತೀರಾ ಬೆನ್ನುಬಿದ್ದವರಿಗೆ ಇಷ್ಟು ವರ್ಷವೂ ಹೇಳ್ತಿದ್ದದ್ದು ಅವಳೇ ತಾನೆ.

“ನೋಡ್ಬೇಡಿ ನನ್ನ ಹಂಗೆ,” ಅಂದಳು ರಂಜಿನಿ. “ಹೂಂ ಅನ್ನೋದು ನೀನು, ಹಿಂದಿಂದ ಹೋಗಿ ಊಹೂಂ ಅನ್ನೋದು ನಾನು. ಊರಿಗೆಲ್ಲ ನೀನು ದೇವ್ರಂಥ ಮನುಷ್ಯ, ನಾನು ರಾಕ್ಷಸಿ. ಮೊನ್ನೆ ಬ್ರೆಜಿಲ್‌ನವನೊಬ್ಬ ಬರೆದಿದಾನೆ ಕಣೋ ನಂಗೆ, ‘ದಯವಿಟ್ಟು ನಿಮ್ಮ ಬದಲು ಯೋಗಾನಂದ ಅವರ ಜೊತೆ ಮಾತಾಡಬಹುದಾ’ ಅಂತ. ಸಾಕು ನಂಗೆ. ಮುಂದಿನ ಭಾನುವಾರ ಎಲ್ರೂ ಸೇರೋ ಮೀಟಿಂಗಲ್ಲಿ ನೀನು, ನಿನ್ನ ಬಾಯಲ್ಲಿ, ಆಗಲ್ಲ ಅನ್ನಬೇಕು. ಅನ್ನಲಿಲ್ಲ ಅಂದ್ರೆ ಚಪ್ಪರದ ಪಾಸ್‌ವರ್ಡು, ಕೀಗಳನ್ನೆಲ್ಲ ನಿನ್ನ ಕೈಗಿಟ್ಟು ಹೋಗ್ತೀನಿ.”

“ಹೋಗಿ ಬರ್ತೀನಿ ಅನ್ನು,” ಅಂದ ಯೋಗಿ, ಅಭ್ಯಾಸಬಲದಿಂದ.

“ಹೋಗ್ತೀನಿ,” ಅಂದಳು ರಂಜಿನಿ. ಚಪ್ಪಲಿ ಮೆಟ್ಟಿಕೊಂಡು ಮೆಟ್ಟಿಲಿಳಿದಳು.

ಕೆಳಗೆ ಅಜ್ಜಿಯ ದನಿ ಕೇಳಿಸಿತು. “ಯಾಕವ್ವಾ, ಹಂಗೇ ಒಂಟೋದೆ? ನಿಪ್ಪಟ್ಟು ತುಂಬೈತೆ, ಈಗ ಕರೀತೀನಿ ತಾಳು.”

ರಂಜಿನಿ ಬೆದರಿಸೋಕೆ ಹೇಳೋಳಲ್ಲ. ಅವಳು ಹೋದರೆ ಚಪ್ಪರದಲ್ಲಿ ಉಳಿಯೋದು ಒಬ್ಬ ‘ನೋಡೋಣ’ ಅನ್ನೋನು, ಇನ್ನೊಬ್ಬ ಕೈಪಿಡಿ ಬರೆಯೋನು. ಎರಡು ಸೀರಿಯಲ್ ಸೆಟ್, ಕಂಬ ಇಲ್ಲ.

“ಮಗಾ, ಕಲಿಸ್ಕೊಡೋ,” ಅಂದ ಯೋಗಿ. ಆಗಲ್ಲ ಅನ್ನೋದು ಅವನ ನಾಲಿಗೆಗೆ ಹಾಗಲಕಾಯಿ. ಬಾಯಿಗೆ ಬರೋ ಮೊದಲೇ ಮುಖ ಹಿಂಡಿಕೊಳ್ಳುತ್ತಿತ್ತು.

ಬೆಂಗಳೂರಿನಲ್ಲಿ ಇಲ್ಲ ಅನ್ನೋದನ್ನು ಕಲಿಯೋಕೆ ಗುರುಗಳಿಗೇನು ಬರ. ಮಾರನೇ ದಿನ ಸಂಜೆ ಕೆಲಸ ಮುಗಿಸಿ ಅವನನ್ನು ನಾಯಂಡಹಳ್ಳಿ ಮೆಟ್ರೋ ಕೆಳಗಿನ ಆಟೋ ಸಾಲಿಗೆ ಕರೆದುಕೊಂಡು ಹೋದೆ.

“ಹೋಗಿ ರಾಜಾಜಿನಗರಕ್ಕೆ ಬರ್ತೀರಾ ಅಂತ ಕೇಳು.”

“ನಮಗೆ ರಾಜಾಜಿನಗರದಲ್ಲಿ ಏನು ಕೆಲಸ?”

“ಏನೂ ಇಲ್ಲ. ಅವರೂ ಬರಲ್ಲ. ಹೋಗು.”

ಯೋಗಿ ಹೋಗಿ ಬಗ್ಗಿ, “ಅಣ್ಣಾ, ರಾಜಾಜಿನಗರ?” ಅಂದ. ಒಳಗೆ ಒರಗಿಕೊಂಡು ಮೊಬೈಲ್ ನೋಡುತ್ತಿದ್ದ ಡ್ರೈವರಣ್ಣ ತಲೆಯೆತ್ತಲಿಲ್ಲ, ಬಾಯಿ ತೆರೆಯಲಿಲ್ಲ. ಗಲ್ಲವನ್ನು ಒಂದು ಗೋಧಿಕಾಳಿನಷ್ಟು ಎಡಕ್ಕೆ ತಿರುಗಿಸಿ ವಾಪಸ್ ತಂದ. ಅಷ್ಟೇ. ಯೋಗಿ “ಥ್ಯಾಂಕ್ಸ್ ಅಣ್ಣಾ” ಅಂದು ಬಂದ.

“ನೋಡಿದ್ಯಾ? ಒಂದಕ್ಷರ ಖರ್ಚಿಲ್ಲ. ನಿಂಗೆ ಬೇಜಾರಾಯ್ತಾ?”

“ಇಲ್ಲಪ್ಪ. ಅವರು ಬರಲ್ಲ ಅಷ್ಟೇ.”

“ಅದೇ ಕಣೋ ಪಾಠ!”

ಅಲ್ಲಿಂದ ವಿಜಯನಗರ. ನಿಂತು ತಿನ್ನೋ ಹೋಟೆಲಿನ ಕ್ಯಾಶಿಯರ್ ಎದುರು ನಿಲ್ಲಿಸಿದೆ. “ಎರಡು ಮಸಾಲೆ ದೋಸೆ.” “ಖಾಲಿ.” “ಸೆಟ್ ದೋಸೆ?” “ಖಾಲಿ.” “ಮತ್ತೇನಿದೆ?” “ಪುಳಿಯೋಗರೆ.” ಪುಳಿಯೋಗರೆ ತಿನ್ನುತ್ತಾ ಅವನಿಗೆ ಬಿಡಿಸಿ ಹೇಳಿದೆ: “ಸಾರಿ ಅಂದ್ರಾ? ಹಿಟ್ಟು ಯಾಕೆ ಮುಗೀತು ಅಂತ ಕಥೆ ಹೇಳಿದ್ರಾ? ಮುಂದಿನ ವರ್ಷ ದೋಸೆ ನೋಡೋಣ ಅಂದ್ರಾ? ಖಾಲಿ ಅಂದ್ರು, ಇದ್ದದ್ದು ಕೊಟ್ರು. ನಾವು ತಿಂತಾ ಇದೀವಿ.”

ಯೋಗಿ ಗಂಭೀರವಾಗಿ ತಲೆಯಾಡಿಸಿದ. ಆಮೇಲೆ ಕ್ಲೀನರ್ ಬಂದು “ಸಾರ್, ತಟ್ಟೆ ಆಯ್ತಾ?” ಅಂದಾಗ, ಅರ್ಧ ಪುಳಿಯೋಗರೆ ಇನ್ನೂ ಇದ್ದರೂ “ಆಯ್ತು ಆಯ್ತು, ತಗೊಳ್ಳಿ” ಅಂದುಬಿಟ್ಟ.

ಗುರುವಾರ ಅಭ್ಯಾಸಕ್ಕೆ ಕೂರಿಸಿದೆ. ಅವನಿಗೆ ಎಲ್ಲಕ್ಕಿಂತ ದೊಡ್ಡ ಭಯ ಹನುಮಂತಯ್ಯ ಮೇಷ್ಟ್ರು. ನಾನು ಕುರ್ಚಿಯಲ್ಲಿ ಸ್ವಲ್ಪ ಹಿಂದಕ್ಕೆ ಒರಗಿ, ಕನ್ನಡಕ ಇಲ್ಲದ ಮೂಗಿನ ಮೇಲೆ ಕನ್ನಡಕ ಏರಿಸಿಕೊಂಡು, ಅವರ ಹಾಗೇ ಮಾತಿನ ನಡುವೆ ಉಸಿರೆಳೆಯುತ್ತಾ ಶುರು ಮಾಡಿದೆ. “ಏನಪ್ಪಾ ಯೋಗಾನಂದ... ಹ್ಞಾಂ... ಅಜ್ಜಿ ಚೆನ್ನಾಗಿದ್ದಾರೇನಪ್ಪಾ... ಆ ಪ್ರಿಂಟಿನದು ಏನು ಮಾಡಿದೆ?”

ಯೋಗಿ ಎದ್ದು ನಿಂತ.

“ಕೂತ್ಕೊಳ್ಳೋ ಲೋ! ನಾನು ಸಂಪತ್ತು.”

“ಗೊತ್ತು ಮಗಾ. ಕಾಲು ತಾನೇ ಎದ್ಬಿಡ್ತು. ಮುಂದುವರಿಸು.”

“ಬರೀ ಪ್ರಿಂಟ್ ಬಂದ್ರೆ ಸಾಲದಪ್ಪಾ... ಹ್ಞಾಂ... ಪ್ರತಿ ಪುಟದ ಕೆಳಗೂ ‘ದಯವಿಟ್ಟು ಪುಟ ತಿರುವಿ’ ಅಂತ ಬರಬೇಕು.”

“ಖಂಡಿತ ಸಾರ್,” ಅಂದ ಯೋಗಿ. ಅಂದು ಸುಮ್ಮನಾಗಲಿಲ್ಲ, ಲ್ಯಾಪ್‌ಟಾಪ್ ಎಳೆದುಕೊಂಡು ಮೂರರ ಪಟ್ಟಿಗೆ ಅದನ್ನೂ ಸೇರಿಸಿದ.

“ಅಳಿಸೋ ಅದನ್ನ!”

“ಹೆಂಗೋ ಅಳಿಸೋದು, ಮೇಷ್ಟ್ರು ಕೇಳಿದಾರೆ.”

“ಮೇಷ್ಟ್ರಲ್ಲ ಕಣೋ, ನಾನು!”

“ವಾಯ್ಸ್ ಅವರದೇ ಇತ್ತಲ್ಲ ಮಗಾ,” ಅಂದ, ತೀರಾ ದೀನವಾಗಿ. ಅಲ್ಲಿಗೆ ಅಭ್ಯಾಸದಿಂದ ಪಟ್ಟಿ ಕಮ್ಮಿಯಾಗೋದಿರಲಿ, ಒಂದು ಜಾಸ್ತಿಯಾಯಿತು.

ಶನಿವಾರ ಯೋಗಿಯೇ ಫೋನ್ ಮಾಡಿದ. “ಮಗಾ, ನನ್ನ ವಾಯ್ಸೂ ಬರುತ್ತಲ್ವಾ ನಿಂಗೆ?”

ಬರುತ್ತೆ. ಕಾಲೇಜಿನಲ್ಲಿ ಅವನ ಹಾಜರಿ ಎಷ್ಟೋ ಸಲ ನಾನೇ ಹೇಳಿದ್ದೆ.

“ನಾಳೆ ನನ್ನ ಬದಲು ನೀನೇ ಮಾತಾಡು. ಕ್ಯಾಮೆರಾ ಆಫ್ ಮಾಡಿ, ನೆಟ್‌ವರ್ಕ್ ಸರಿ ಇಲ್ಲ ಅನ್ನೋಣ. ನಾನು ಪಕ್ಕದಲ್ಲೇ ಕೂತಿರ್ತೀನಿ. ಮಾತು ನಂದೇ, ಬಾಯಿ ಮಾತ್ರ ನಿಂದು.”

“ರಂಜು ಏನಂದ್ಲು? ನಿನ್ನ ಬಾಯಲ್ಲಿ ಅನ್ನಬೇಕು ಅಂದ್ಲು.”

“ವಾಯ್ಸ್ ನಂದೇ ಇರುತ್ತಲ್ಲ ಮಗಾ!”

ಬೇಡ ಅನ್ನಬೇಕಿತ್ತು. ಆದರೆ ನನ್ನ ಕಷ್ಟ ಬೇರೆ: ಯಾರ ದನಿಯಲ್ಲಾದರೂ ಮಾತಾಡು ಅಂದರೆ ನನಗೆ ಬಾಯಲ್ಲಿ ನೀರೂರುತ್ತೆ.

ಭಾನುವಾರದ ಮೀಟಿಂಗ್ ಮೊದಲಿನಿಂದಲೂ ಕನ್ನಡದಲ್ಲೇ. ಹೊರದೇಶದವರು ಬೇಕಾದ್ದನ್ನು ಮೊದಲೇ ಬರೆದು ಕಳಿಸುತ್ತಾರೆ, ರಂಜಿನಿ ಓದುತ್ತಾಳೆ. ಸಂಜೆ ಬಿಸಿಲು ಶೀಟಿನ ಮೇಲಿಂದ ಇಳಿಯುತ್ತಿತ್ತು. ತೆರೆಯ ಮೇಲೆ ಇಪ್ಪತ್ತು ಮುಖ. ಕೆಂಗೇರಿಯ ತನ್ನ ಮನೆಯಿಂದ ರಂಜಿನಿ, ಮುಖ ಬಿಗಿಯಾಗಿತ್ತು. ಜ್ಞಾನಭಾರತಿಯಿಂದ ಹನುಮಂತಯ್ಯ ಮೇಷ್ಟ್ರು, ಮುಖಕ್ಕಿಂತ ಅವರ ಮನೆಯ ಫ್ಯಾನೇ ಜಾಸ್ತಿ ಕಾಣುತ್ತಿತ್ತು. ಧಾರವಾಡದಿಂದ ಮಡಿವಾಳಪ್ಪ, ಅಲ್ಲಿನ ಅಂಗಡಿಗಳಿಗೆಲ್ಲ ಚಪ್ಪರದ ಮೇಲೆ ವೆಬ್‌ಸೈಟ್ ಮಾಡಿಕೊಟ್ಟವರು. ಯೋಗಿಯ ಚೌಕ ಮಾತ್ರ ಕಪ್ಪು. ಕಪ್ಪಿನ ಹಿಂದೆ ಮೈಕಿನ ಮುಂದೆ ನಾನು, ಪಕ್ಕದ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಉಗುರು ಕಡಿಯುತ್ತಾ ಯೋಗಿ.

“ಎಲ್ರಿಗೂ ನಮಸ್ಕಾರ,” ಅಂದೆ ಯೋಗಿಯ ದನಿಯಲ್ಲಿ. “ನೆಟ್‌ವರ್ಕ್ ಸರಿ ಇಲ್ಲ, ಕ್ಯಾಮೆರಾ ಆಫ್ ಮಾಡಿದೀನಿ.”

“ಸಂಪತ್ ಎಲ್ಲಿ?” ಅಂದಳು ರಂಜಿನಿ.

“ಅವನಿಗೆ ಗಂಟಲು ನೋವಂತೆ.”

“ಓಹೋ,” ಅಂದಳು.

ಮೊದಲು ಮಡಿವಾಳಪ್ಪ. “ನಮಸ್ಕಾರ್ರೀ ಯೋಗಾನಂದ ಅವ್ರ. ಮತ್ತ ನಮ್ಮ ಹಳೇ ಸೈಟಿಂದೇನಾತ್ರೀ? ಒಂದನೇ ಆವೃತ್ತ್ಯಾಗ ಕಟ್ಟಿದ್ದು ಒಂದಕ್ಷರ ಬದಲಿ ಮಾಡದಂಗ ಮೂರರಾಗೂ ಓಡಬೇಕ್ರಿ. ನೀವ ಅಂದಿದ್ರಿ.”

“ಆಗಲ್ಲ,” ಅಂದೆ.

“ಆಂ?”

“ಆಗಲ್ಲ ಮಡಿವಾಳಪ್ಪನವ್ರೇ. ಮುಂದಿನದು?”

ಪಕ್ಕದಲ್ಲಿ ಯೋಗಿ ಎರಡೂ ಕೈಯಿಂದ ಮುಖ ಮುಚ್ಚಿಕೊಂಡ. ರಂಜಿನಿ ಓದುತ್ತಾ ಹೋದಳು, ನಾನು ಕೊಡವುತ್ತಾ ಹೋದೆ. ಪಂಚಾಂಗ? ಆಗಲ್ಲ. ಪುಟದ ಮೇಲೆ ಹಿಮ ಬೀಳಿಸೋದು? ಆಗಲ್ಲ. ಬೆರಳು ಮುಟ್ಟದೆ ಕಣ್ಣಲ್ಲೇ ಒತ್ತೋ ಬಟನ್? ಖಾಲಿ. ಏನು ಸುಖ! ಆಟೋ ಡ್ರೈವರ್ ಸೀಟಲ್ಲಿ ಕೂತು ಇಡೀ ಮೈಸೂರು ರಸ್ತೆಗೇ ‘ಬರಲ್ಲ’ ಅನ್ನುತ್ತಿದ್ದ ಹಾಗಿತ್ತು.

“ಮುಂದಿನದು,” ಅಂದಳು ರಂಜಿನಿ. ಒಂದು ಚೂರು ನಿಂತಳು. “ಇದು ನಮ್ಮ ಸಂಪತ್‌ದು. ಧ್ವನಿಪೆಟ್ಟಿಗೆ. ಏನಾದ್ರೂ ಕೆಟ್ಟಾಗ ಕಂಡಕ್ಟರು, ಮನೆ ಮಾಲೀಕರು ಎಲ್ಲ ಮಾತಾಡೋದು. ಇದನ್ನ ಮೂರರಲ್ಲಿ ಹಾಕೋಣ್ವಾ ಯೋಗಿ?”

ನನ್ನ ಬಾಯಿ ತೆರೆದೇ ಇತ್ತು. ಆಗಲ್ಲ ಅನ್ನೋಕೆ ನಾಲಿಗೆ ಮೇಲೆ ಹೋಗಿತ್ತು ಕೂಡ. ಅಲ್ಲೇ ಅಂಟಿಕೊಂಡಿತು. ಕಂಡಕ್ಟರು ಕಣ್ಣ ಮುಂದೆ ಬಂದರು. ಆ “ಯಾರ್ ಬೇಕಿತ್ತು” ಸರಿಯಾಗಿ ಬರಲಿ ಅಂತ ಎಷ್ಟು ಗೇಟುಗಳ ಮುಂದೆ ನಿಂತು ಬೈಸಿಕೊಂಡಿದ್ದೆ! ಗಂಟಲು ಕೆರೆದುಕೊಂಡೆ.

“ಅದೇನಪ್ಪಾ ಅಂದ್ರೆ...” ಅಂದೆ. “ಅದು ಚೆನ್ನಾಗಿದೆ... ನೋಡೋಣ.”

ಅಷ್ಟು ಹೊತ್ತು ನಾನು ಮಾಡಿದ್ದು ಬರೀ ಮಿಮಿಕ್ರಿ. ಆ ಒಂದು ಕ್ಷಣ ಮಾತ್ರ ನಾನು ಪೂರ್ತಿ ಯೋಗಿಯೇ ಆಗಿಬಿಟ್ಟಿದ್ದೆ.

ಪಕ್ಕದಲ್ಲಿ ಸ್ಟೂಲು ಕಿರುಗುಟ್ಟಿತು. ಯೋಗಿ ನನ್ನನ್ನೇ ನೋಡುತ್ತಿದ್ದ. ತನ್ನದೇ ದನಿಯಲ್ಲಿ ತನ್ನದೇ ‘ನೋಡೋಣ’ ಅವನು ಹೊರಗಿನಿಂದ ಕೇಳಿಸಿಕೊಂಡದ್ದು ಅದೇ ಮೊದಲು ಅಂತ ಕಾಣುತ್ತೆ. ಮುಖ ಹಾಗಲಕಾಯಿ ಆಯಿತು, ಆಮೇಲೆ ಒಂದು ಥರ ಸಮ ಆಯಿತು. ನನ್ನ ಹೆಗಲ ಮೇಲಿಂದ ಮೈಕಿಗೆ ಬಾಗಿದ.

“ಆಗಲ್ಲ,” ಅಂದ.

ತೆರೆಯ ಮೇಲೆ ಇಪ್ಪತ್ತು ಮುಖಗಳೂ ನಿಂತುಹೋದವು. ಮೇಷ್ಟ್ರ ಮನೆಯ ಫ್ಯಾನ್ ಮಾತ್ರ ತಿರುಗುತ್ತಿತ್ತು.

“ಯೋಗಾನಂದ ಅವ್ರ,” ಅಂದರು ಮಡಿವಾಳಪ್ಪ ನಿಧಾನಕ್ಕೆ, “ನೀವು ಇಬ್ರು ಅದೀರೇನ್ರೀ?”

ಯೋಗಿ ಕ್ಯಾಮೆರಾ ಒತ್ತಿದ. ಒಂದೇ ಚೌಕದಲ್ಲಿ ನಾವಿಬ್ಬರು, ಕದ್ದ ಮಾವಿನಕಾಯಿ ಜೇಬಲ್ಲಿಟ್ಟುಕೊಂಡವರ ಹಾಗೆ.

“ಗಂಟಲು ವಾಸಿ ಆಯ್ತೇನೋ ಸಂಪತ್ತು?” ಅಂದಳು ರಂಜಿನಿ. “ಯೋಗಿ ಗಂಟಲು ಕೆರೆಯದೆ ಎರಡು ಆಗಲ್ಲ ಅಂದಾಗಲೇ ಗೊತ್ತಾಯ್ತು ನಂಗೆ. ಎಲ್ಲಿ ಸಿಕ್ಕಿಬೀಳ್ತೀಯ ನೋಡೋಣ ಅಂತ ನಿನ್ನ ಪೆಟ್ಟಿಗೇನ ಪಟ್ಟೀಲಿ ಮೇಲಕ್ಕೆ ತಂದೆ. ಯೋಗಿ, ನೀನಂದಿದ್ದು ಮಾತ್ರ ಬರ್ಕೊಂಡೆ. ಇವನು ಅಂದಿದ್ದು ಯಾವುದೂ ಲೆಕ್ಕಕ್ಕಿಲ್ಲ. ಮೊದಲಿಂದ ಶುರು ಮಾಡು.”

ಯೋಗಿ ಬೆವರೊರೆಸಿಕೊಂಡ. ಗಂಟಲು ಕೆರೆದುಕೊಂಡ.

“ಮಡಿವಾಳಪ್ಪನವ್ರೇ... ಅದೇನಪ್ಪಾ ಅಂದ್ರೆ... ಒಂದನೇ ಆವೃತ್ತಿಯ ಸೈಟು ಇದ್ದ ಹಾಗೇ ಮೂರರಲ್ಲಿ ಓಡಲ್ಲ. ನಾನು ಓಡುತ್ತೆ ಅಂದಿದ್ದೆ. ಆಗಲ್ಲ. ಹೆಂಗೆ ಬದಲಾಯಿಸ್ಕೋಬೇಕು ಅಂತ ಸಂಪತ್ ಪೂರ್ತಿ ಕೈಪಿಡಿ ಬರ್ಕೊಡ್ತಾನೆ.”

ನನ್ನನ್ನು ಯಾರೂ ಕೇಳಲಿಲ್ಲ.

“ಅಲ್ರೀ, ಒಂದ ಸರ್ತಿ ಅಂದಿದ್ರ ಸಾಕಿತ್ತು, ಎರಡೆರಡು ಸರ್ತಿ ಹೊಡ್ಯಾಕತ್ತೀರಲ್ರೀ ನಮ್ಮನ್ನ,” ಅಂದರು ಮಡಿವಾಳಪ್ಪ. “ಆತು ಬಿಡ್ರಿ. ನಾಕು ವರ್ಷದ ಹಿಂದನ ಹೇಳಿದ್ರ ಇಷ್ಟೊತ್ತಿಗೆ ಎಲ್ಲಾ ಬದಲಿ ಮಾಡಿ ಕುಂತಿರ್ತಿದ್ದೆ. ಕೈಪಿಡಿ ಲಗೂನ ಕಳಸ್ರಿ.”

ಅದಾದ ಮೇಲೆ ಯೋಗಿಗೆ ಸ್ವಲ್ಪ ಉಸಿರು ಬಂತು. ಒಂದೊಂದಕ್ಕೂ ಗಂಟಲು, ಅದೇನಪ್ಪಾ ಅಂದ್ರೆ, ಆಗಲ್ಲ. ತಡವಾಗುತ್ತಿತ್ತು, ಆದರೆ ಪಟ್ಟಿ ಇಳೀತಿತ್ತು. ದನಿ ಏರುತ್ತಾ ಹೋಗಿ ಮೆಟ್ಟಿಲಿಗೂ ಕೇಳಿಸಿರಬೇಕು. ಅಜ್ಜಿ ಸೆರಗು ಸಿಕ್ಕಿಸಿಕೊಂಡು ಏದುಸಿರು ಬಿಡುತ್ತಾ ಮೇಲೆ ಬಂದರು.

“ಏನಾಗಲ್ಲ ಮಗಾ? ಒಟ್ಟೆಗಿಟ್ಟೆ ನೋವಾ?”

“ಏನಿಲ್ಲ ಅಜ್ಜಿ. ಮೀಟಿಂಗು.”

“ಆಗಲ್ಲ, ಏನಿಲ್ಲ! ದೀಪ ಹಚ್ಚೋ ಒತ್ತಲ್ಲಿ ಎಂಥ ಮಾತು! ತುಂಬೈತೆ ಅನ್ನು.”

“ಅಜ್ಜಿ, ನಿಮ್ಮ ದಮ್ಮಯ್ಯ,” ಅಂದಳು ತೆರೆಯೊಳಗಿಂದ ರಂಜಿನಿ. “ಇವತ್ತೊಂದಿನ ಅವನು ಆಗಲ್ಲ ಅಂತಲೇ ಅನ್ಲಿ. ನಾಳೆಯಿಂದ ತುಂಬಿಸ್ಕೊಳ್ಳಿ.”

ಕೊನೆಗೆ ಉಳಿದವರು ಮೇಷ್ಟ್ರು. ಅವರೇ ಶುರು ಮಾಡಿದರು. “ಏನಪ್ಪಾ ಯೋಗಾನಂದ... ಹ್ಞಾಂ... ನನ್ನ ಪ್ರಿಂಟಿನದು?”

ಯೋಗಿ ಎದ್ದು ನಿಂತ. ಕ್ಯಾಮೆರಾದಲ್ಲಿ ಅವನ ಹೊಟ್ಟೆ ಮಾತ್ರ ಕಾಣುತ್ತಿತ್ತು. ರಂಜಿನಿ ಹುಬ್ಬೇರಿಸಿ ಕಾಯುತ್ತಿದ್ದಳು. ಇದೊಂದರಲ್ಲಿ ಜಾರಿದರೆ ಉಳಿದ ಅಷ್ಟೂ ವಾಪಸ್ ಬರುತ್ತವೆ ಅಂತ ಅವಳಿಗೂ ಗೊತ್ತು, ನನಗೂ ಗೊತ್ತು. ಮೇಷ್ಟ್ರಿಗೆ ಹೂಂ ಅಂದು ಬೇರೆಯವರಿಗೆ ಊಹೂಂ ಅಂದರೆ ಯಾರು ತಾನೇ ಸುಮ್ಮನಿರುತ್ತಾರೆ?

“ಸಾರ್,” ಅಂದಿತು ಹೊಟ್ಟೆ. “ಅದು... ಆಗಲ್ಲ ಸಾರ್.”

“ಆಯ್ತಪ್ಪ,” ಅಂದರು ಮೇಷ್ಟ್ರು. ಅವರ ಚೌಕ ಮಾಯವಾಯಿತು, ಫ್ಯಾನ್ ಸಮೇತ.

ಯೋಗಿ ಫೋನಿಗೆ ಕೈ ಹಾಕಿದ.

“ಯೋಗಿ,” ಅಂದಳು ರಂಜಿನಿ. “ಯಾರಿಗೆ?”

ಅವನು ನಂಬರ್ ಒತ್ತಿ, ಸ್ಪೀಕರ್ ಹಾಕಿ ಮೇಜಿನ ಮೇಲಿಟ್ಟ. ರಿಂಗ್ ಆಗುತ್ತಲೇ ಇತ್ತು. ನಾನು ಮನಸ್ಸಿನಲ್ಲೇ ರಂಜಿನಿಯ ಕೀಗಳನ್ನು ಎಣಿಸತೊಡಗಿದೆ.

“ಹೇಳಪ್ಪ.”

“ಸಾರ್, ಬೇಜಾರಾಯ್ತಾ?”

“ಆಯ್ತು.”

ಯೋಗಿ ಕಣ್ಣು ಮುಚ್ಚಿದ. “ಆದ್ರೂ ಆಗಲ್ಲ ಸಾರ್.”

ಆ ಕಡೆಯಿಂದ ಉಸಿರೆಳೆಯೋದು ಕೇಳಿಸಿತು. ಹ್ಞಾಂ ಬಂತು. ಆಮೇಲೆ: “ಪರೀಕ್ಷೇಲಿ ಗೊತ್ತಿಲ್ಲದ ಪ್ರಶ್ನೆಗೂ ನಾಲ್ಕು ಪುಟ ಬರೀತಿದ್ದೋನು ನೀನು. ಇವತ್ತೊಂದು ಸಾಲಲ್ಲಿ ಮುಗಿಸ್ದೆ. ಬುಧವಾರ ಮನೆಗೆ ಊಟಕ್ಕೆ ಬಾ. ಬೇಜಾರು ಅಲ್ಲಿ ಹೇಳ್ತೀನಿ.”

“ಖಂಡಿತ ಸಾರ್.”

“ಖಂಡಿತ ಅಂದ್ರೆ?”

“ನಿಜವಾಗ್ಲೂ ಬರ್ತೀನಿ ಸಾರ್.”

ಮೂರರಲ್ಲಿ ಏನಿರುತ್ತೆ ಅಂತ ರಂಜಿನಿ ಓದಿದಳು: ಹೊಸ ನೆಲ, ಗಟ್ಟಿ ಕಂಬ, ಇಪ್ಪತ್ತು ಚಿಲ್ಲರೆ ರಿಪೇರಿ. ಕೇಳಿದರೆ ತೀರಾ ಬಡ ಆವೃತ್ತಿ, ಆದರೆ ಹೇಳಿದ ದಿನಕ್ಕೆ ಬರುತ್ತೆ. ಯಾರೋ ಒಬ್ಬ “ಹಾಗಾದ್ರೆ ನಮ್ಮದು ನಾಲ್ಕರಲ್ಲಿ ಹಾಕ್ಕೊಳ್ಳಿ” ಅಂದ. ಯೋಗಿ ಗಂಟಲು ಕೆರೆಯಲಿಲ್ಲ. “ನಾಲ್ಕು ಅಂತ ಒಂದು ಅಟ್ಟ ಇನ್ನೂ ಕಟ್ಟಿಲ್ಲ. ಕಟ್ಟೋದೂ ಇಲ್ಲ,” ಅಂದ.

ಒಬ್ಬೊಬ್ಬರೇ ಹೊರಟರು. ಕೊನೆಗೆ ರಂಜಿನಿ ಕೈ ಎತ್ತಿದಳು.

“ಸರಿ. ಹೋಗಿ ಬರ್ತೀನಿ.”

ಅವಳ ಚೌಕ ಆರಿದ ಮೇಲೂ ಯೋಗಿ ಅದೇ ಜಾಗವನ್ನು ನೋಡುತ್ತಾ ಕೂತಿದ್ದ. ಅಜ್ಜಿ ನಿಪ್ಪಟ್ಟಿನ ತಟ್ಟೆ ತಂದಿಟ್ಟರು. ಇಬ್ಬರೂ ತಟ್ಟೆ ಖಾಲಿ ಮಾಡಿದೆವು, ಕ್ಷಮಿಸಿ, ತುಂಬಿಸಿದೆವು.

ನನ್ನನ್ನು ಮೆಟ್ರೋವರೆಗೆ ಬಿಡೋಕೆ ಅವನೂ ಇಳಿದು ಬಂದ. ಗೋಡೌನುಗಳ ಶಟರ್ ಮುಚ್ಚಿತ್ತು. ಸ್ಟೇಷನ್ ಕೆಳಗೆ ಅದೇ ಆಟೋ ಸಾಲು, ಅದೇ ಅಣ್ಣ ಒರಗಿಕೊಂಡು ಮೊಬೈಲ್ ನೋಡುತ್ತಿದ್ದ. ಯೋಗಿ ಹೋಗಿ ಅವನಿಗೊಂದು ನಮಸ್ಕಾರ ಹಾಕಿ ಬಂದ. ಅಣ್ಣ ರಾಜಾಜಿನಗರವೇ ಇರಬೇಕು ಅಂದುಕೊಂಡು ಗಲ್ಲ ತಿರುಗಿಸಿದ.

ಒಳ್ಳೇ ಹೊತ್ತು ಅನ್ನಿಸಿತು ನನಗೆ. ಗುರುದಕ್ಷಿಣೆ ಕೇಳೋಕೆ ಇದಕ್ಕಿಂತ ಒಳ್ಳೇ ಹೊತ್ತು ಯಾವುದು?

“ಮಗಾ,” ಅಂದೆ, “ಧ್ವನಿಪೆಟ್ಟಿಗೆ ಪೂರ್ತಿ ಬೇಡ ಬಿಡು. ಪುಟ ಸಿಗದಿದ್ದಾಗ ಬರೋ ಕಂಡಕ್ಟರ್ ಒಬ್ಬರೇ. ಒಂದೇ ಒಂದು ಸಾಲು. ಯಾರಿಗೂ ಗೊತ್ತಾಗಲ್ಲ. ರಂಜುಗೆ ನಾನೇ ಹೇಳ್ತೀನಿ.”

ಯೋಗಿ ನನ್ನ ಕಡೆ ನೋಡಲೂ ಇಲ್ಲ. ಮೇಲೆ ಬರುತ್ತಿದ್ದ ರೈಲನ್ನು ನೋಡುತ್ತಾ, ಗಲ್ಲವನ್ನು ಒಂದು ಗೋಧಿಕಾಳಿನಷ್ಟು ಎಡಕ್ಕೆ ತಿರುಗಿಸಿ ವಾಪಸ್ ತಂದ.